ಶಿರಹಟ್ಟಿ ಭೀಮಪಲಾಸ

ಜೀವಮಾನದಲ್ಲಿ ನಾನು ಪೇಟಿಯ ಮೇಲೆ ಒಂದೇ ಒಂದು ತಪ್ಪು ಸ್ವರ ನುಡಿಸಿದ್ದೇನೆ. ಆ ಸ್ವರ ಸರಿಯಾಗಿದ್ದದ್ದೇ ಆ ತಪ್ಪಿಗೆ ಕಾರಣ. ಇದನ್ನು ಜಂಬ ಎಂದುಕೊಂಡರೂ ನನ್ನದೇನೂ ಅಡ್ಡಿಯಿಲ್ಲ. ನಾಟಕದಲ್ಲಿ ಹಾರ್ಮೋನಿಯಂ ನುಡಿಸುವವನಿಗೆ ಸ್ವಲ್ಪ ಜಂಬ ಇರಲೇಬೇಕು. ಹಾಡುವವನು ದಾರಿ ತಪ್ಪಿದಾಗಲೆಲ್ಲ ತಪ್ಪು ಪೇಟಿಯದೇ ಎಂಬಂತೆ ನಮ್ಮತ್ತ ಕಣ್ಣು ಬಿಡುತ್ತಾನೆ, ಜನ ಅದನ್ನೇ ನಂಬುತ್ತಾರೆ. ಅಂಥ ಜಾಗದಲ್ಲಿ ಕೂರುವವನಿಗೆ ತನ್ನ ಮೇಲೆ ತನಗಾದರೂ ನಂಬಿಕೆ ಬೇಡವೆ?

ನನ್ನ ಜಾಗ ರಂಗದ ಮುಂದಿನ ತಗ್ಗು. ಪ್ರೇಕ್ಷಕರಿಗೆ ನನ್ನ ಬೆನ್ನು, ನನಗೆ ನಟರ ಪಾದ. ರಾಜನ ಕಿರೀಟ ಹೇಗಿತ್ತು ಎಂದು ಕೇಳಿದರೆ ಈಗಲೂ ಹೇಳಲಾರೆ, ಅವನ ಹಿಮ್ಮಡಿ ಎಷ್ಟು ಒಡೆದಿತ್ತು ಎಂದು ಕೇಳಿ, ಹೇಳುತ್ತೇನೆ. ಮಾತು ಮರೆಯುವ ನಟನ ಹೆಬ್ಬೆರಳು ಮೊದಲೇ ಮಡಚಿಕೊಳ್ಳುತ್ತದೆ. ಅದನ್ನು ಕಂಡ ಕೂಡಲೇ ನಾನು ಸಣ್ಣದೊಂದು ಆಲಾಪ ತೆಗೆದು ಅವನಿಗೆ ಉಸಿರು ಕೊಡುತ್ತಿದ್ದೆ. ಜನ ಅದನ್ನು ಸಂಗೀತ ಎಂದು ತಿಳಿದು ತಲೆದೂಗುತ್ತಿದ್ದರು.

ನಮ್ಮದು ಶಿರಹಟ್ಟಿಯ ಹವ್ಯಾಸಿ ಮಂಡಳಿ. ಹಗಲು ಅಂಗಡಿ, ಹೊಲ, ಕಚೇರಿ, ಬಿಡುವಾದಾಗ ರಾಜ್ಯಭಾರ. ಸ್ವಾತಂತ್ರ್ಯ ಬಂದ ವರ್ಷವೇ ನಮ್ಮ ಪೇಟಿಯೂ ಬಂತು. ಲಕ್ಷ್ಮೇಶ್ವರದಲ್ಲಿ ಬಾಗಿಲು ಮುಚ್ಚಿದ ಒಂದು ನಾಟಕ ಕಂಪನಿಯದು ಅದು, ಕಾಲಿನಿಂದ ಗಾಳಿ ಒತ್ತುವ ದೊಡ್ಡ ಪೇಟಿ. ಚಕ್ಕಡಿಯಲ್ಲಿ ಮೆರವಣಿಗೆ ಮಾಡಿ ತಂದು, ಊದುಬತ್ತಿ ಹಚ್ಚಿ, ನುಡಿಸಲು ಕುಳಿತಾಗ ತಿಳಿಯಿತು: ನಡುವಿನ ಒಂದು ಬಿಳಿ ಪಟ್ಟಿ ಒತ್ತಿದರೆ ಸದ್ದೇ ಇಲ್ಲ. ಒಳಗಿನ ಹಿತ್ತಾಳೆಯ ನಾಲಿಗೆ ಮುರಿದಿತ್ತು. ಮೀರಜಿಗೆ ಒಯ್ದರೆ ಸರಿಹೋಗುತ್ತದೆ ಎಂದರು. ಒಯ್ಯೋಣ ಎಂದೆವು. ಒಂಬತ್ತು ವರ್ಷ ಹಾಗೆಯೇ ಅನ್ನುತ್ತಿದ್ದೆವು.

ಮಂಡಳಿಯ ರಾಣಿ ಯಳವತ್ತಿಯ ಫಕೀರಪ್ಪ. ಆರಡಿ ಆಳು, ಒಕ್ಕಲುತನದ ಕೈ, ಆದರೆ ಕಂಠ ಮಾತ್ರ ಬೆಣ್ಣೆ. ನಾಟಕ ಗೊತ್ತಾದ ಕೂಡಲೇ ಮೀಸೆ ತೆಗೆಯುತ್ತಿದ್ದ. ಅವನ ಬೋಳು ತುಟಿ ಕಂಡರೆ ನಾಟಕವಿದೆ ಎಂದು ನಾಲ್ಕು ಹಳ್ಳಿಗೆ ಖಬರು ಮುಟ್ಟುತ್ತಿತ್ತು. ಅವನ ಶ್ರುತಿಗೆ ಆ ಸತ್ತ ಪಟ್ಟಿ ಸರಿಯಾಗಿ ಧೈವತವಾಗಿ ಬೀಳುತ್ತಿತ್ತು. ಶ್ರುತಿ ಬದಲಿಸಿದರೆ ಇನ್ನೊಂದು ಸ್ವರ ಸಾಯುತ್ತಿತ್ತು, ಜೊತೆಗೆ ಫಕೀರಪ್ಪನ ಗಂಟಲೂ. ಅದಕ್ಕೆ ನಾನು ಪಂಚಮದಿಂದ ನಿಷಾದಕ್ಕೆ, ನಿಷಾದದಿಂದ ಪಂಚಮಕ್ಕೆ, ಕಾಲುವೆ ದಾಟುವವನಂತೆ ಹಾರಿಬಿಡುತ್ತಿದ್ದೆ. ಹಾಡಿ ತೋರಿಸಬಹುದಿತ್ತಲ್ಲ ಎನ್ನುತ್ತೀರಿ. ನನ್ನ ಕಂಠ ಕೇಳಿದವರು ಹಾಗೆನ್ನುವುದಿಲ್ಲ. ಫಕೀರಪ್ಪ ಕಲಿತದ್ದೆಲ್ಲ ಪೇಟಿಯಿಂದಲೇ, ಪೇಟಿ ಹೇಳದ್ದನ್ನು ಅವನು ಕಲಿಯಲಿಲ್ಲ.

ಇದರಲ್ಲಿ ಅಪರಾಧವೇನೂ ಇಲ್ಲ. ಭೂಪ ರಾಗ ಮಧ್ಯಮವನ್ನೂ ನಿಷಾದವನ್ನೂ ಹೊರಗಿಟ್ಟು ಸುಖವಾಗಿದೆ. ನಮ್ಮ ರಾಣಿ ಹಾಡುವ ಭೀಮಪಲಾಸವೇ ಏರುವಾಗ ಧೈವತವನ್ನು ಬಿಟ್ಟು ಇಳಿಯುವಾಗ ಕರೆದುಕೊಳ್ಳುತ್ತದೆ. ನಾವು ಇಳಿಯುವಾಗಲೂ ಕರೆಯಲಿಲ್ಲ, ಅಷ್ಟೇ. ಆ ಕಾಲದಲ್ಲಿ ರೇಡಿಯೊದವರು ಇಡೀ ಪೇಟಿಯನ್ನೇ ಹೊರಗಿಟ್ಟಿದ್ದರು, ನಾನು ಹೊರಗಿಟ್ಟದ್ದು ಒಂದು ಪಟ್ಟಿಯನ್ನು ಮಾತ್ರ.

ಫಕೀರಪ್ಪನನ್ನೂ ಒಬ್ಬರು ಹೊರಗಿಟ್ಟಿದ್ದರು. ಬೆಟಗೇರಿಯ ನೇಕಾರರಾದ ಅವನ ಮಾವ ಸಂಗಪ್ಪನವರು. ಮದುವೆಯಾದ ಹೊಸತರಲ್ಲಿ ಅಳಿಯನ ನಾಟಕ ನೋಡಲು ಬಂದಿದ್ದರು. ಪರದೆ ಸರಿದಾಗ ಕಂಡದ್ದೇನು? ಮಗಳು ಗಂಗವ್ವನಿಗೆಂದು ತಾವೇ ನೇಯ್ದ ಸೀರೆಯನ್ನು ಅಳಿಯ ಉಟ್ಟು ನಿಂತಿದ್ದಾನೆ! ಎದ್ದು ನಿಂತು ಒಂದೇ ಮಾತು ಹೇಳಿದರು: "ಸೀರಿ ಉಡೋ ಅಳಿಯಾ ನನ್ನ ಹೊಸ್ತಲಾ ತುಳ್ಯಾಂಗಿಲ್ಲ." ಅಂದಿನಿಂದ ಫಕೀರಪ್ಪ ಹೆಂಡತಿಯನ್ನು ಬೆಟಗೇರಿಯ ಅಗಸಿ ಬಾಗಿಲವರೆಗೆ ಬಿಟ್ಟು ಹಿಂದಿರುಗುತ್ತಿದ್ದ. ನಾಟಕ ಬಿಡು ಎಂದರೆ ಬಿಡಲೊಲ್ಲ. ಹಬ್ಬಕ್ಕೆ ಅವಳೊಬ್ಬಳೇ ಹೋದಾಗ ಮಾತ್ರ ತಾಲೀಮಿನಲ್ಲಿ ಮಂಕಾಗಿ ಕೂತಿರುತ್ತಿದ್ದ. ನೋಡಿ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಅಷ್ಟರಲ್ಲಿ ಏಕೀಕರಣವಾಯಿತು. ಒಂದು ಕಾಲಕ್ಕೆ ನಾವು ಸಂಸ್ಥಾನದವರು, ಗದಗಿನವರು ಮುಂಬಯಿ ಇಲಾಖೆಯವರು. ಈಗ ಎಲ್ಲರೂ ಒಂದೇ. ಒಂದಾಗದೆ ಉಳಿದದ್ದು ಬೆಟಗೇರಿಯ ಆ ಮನೆ ಮಾತ್ರ. ಗದಗಿನಲ್ಲಿ ಸಂಭ್ರಮದ ಸಮಾರಂಭ, ಸುತ್ತಲಿನ ಊರುಗಳ ಮಂಡಳಿಗಳಿಗೆ ಒಂದೊಂದು ಪ್ರವೇಶ. ಮುಂಡರಗಿಯವರದು ಯುದ್ಧ, ನಮ್ಮದು ಕಾಡಿಗೆ ಹೊರಟ ರಾಜನನ್ನು ರಾಣಿ ತಡೆಯುವ ಹಾಡು. "ಪೇಟಿ ಹೊತ್ಕೊಂಡು ಬರಬ್ಯಾಡ್ರಿ, ಇಲ್ಲಿ ಹೊಸಾದು ಐತಿ" ಎಂದು ಅವರೇ ಹೇಳಿ ಕಳಿಸಿದ್ದರು.

ಬಸ್ಸಿನಲ್ಲಿ ಫಕೀರಪ್ಪ ಮೆಲ್ಲಗೆ ಹೇಳಿದ, "ಮಾಸ್ತರ, ಮಾವ ಬರ್ತಾರಂತ. ಗಂಗವ್ವ ಕಾಲಿಗೆ ಬಿದ್ದು ಒಪ್ಪಿಸ್ಯಾಳ. ಅವರು ಭಜನಿಯಾಗ ಪಳಗಿದ ಮನಷ್ಯಾ. ಒಂದ್ಸಲಾ ನನ್ನ ಹಾಡು ಪೂರಾ ಕೇಳಿದ್ರ ಸಾಕ್ರಿ."

"ನಾ ಅದೀನಲ್ಲೋ, ಸುಮ್ಮನ ಹಾಡು" ಎಂದೆ.

ಗದಗಿನ ಪೇಟಿ ಕಂಡು ನನಗೆ ಹುಚ್ಚು ಹಿಡಿಯಿತು. ಒಂದೊಂದು ಪಟ್ಟಿಯೂ ಹಾಲಿನಂತೆ. ಅಲ್ಲಿಯ ಜನರೋ, ಸಂಗೀತ ಕೇಳಿಯೇ ಬೆಳೆದವರು. ಶಿರಹಟ್ಟಿಯ ಮಾಸ್ತರನಿಗೆ ಏಳೂ ಸ್ವರ ಗೊತ್ತು ಎಂದು ತೋರಿಸಲೇಬೇಕು ಎನಿಸಿತು. ಫಕೀರಪ್ಪ ಮೊದಲ ಸಾಲು ಎತ್ತಿಕೊಂಡ. ಇಳಿಯುವಲ್ಲಿ ನಾನು ಒಂಬತ್ತು ವರ್ಷ ಅವನು ಕೇಳಿರದ ಧೈವತವನ್ನು ಗಟ್ಟಿಯಾಗಿ ಒತ್ತಿದೆ. ಆಹಾ, ಎಂಥ ಶುದ್ಧ ಸ್ವರ!

ಹಾಡು ನಿಂತಿತು. ತಲೆಯೆತ್ತಿ ನೋಡಬೇಕಾಗಿರಲಿಲ್ಲ, ನನ್ನ ಮುಂದೆಯೇ ಅವನ ಪಾದಗಳಿದ್ದವು. ಹತ್ತೂ ಬೆರಳು ಹಲಗೆಯನ್ನು ಕಚ್ಚಿ ಹಿಡಿದಿದ್ದವು. ಯಾರೋ ಕೆಮ್ಮಿದರು, ಯಾರೋ ನಕ್ಕರು. ಹೊರಳಿ ನೋಡಿದರೆ ಮುಂದಿನ ಸಾಲಿನಲ್ಲಿ ಸಂಗಪ್ಪನವರು ಹೆಗಲಿನ ವಸ್ತ್ರ ಸರಿಮಾಡಿಕೊಳ್ಳುತ್ತಿದ್ದರು. ಏಳುವ ಲಕ್ಷಣ. ಇವನ ಮಾನ ತೆಗೆದವನು ನಾನು, ಅದೂ ನನ್ನ ಹೆಚ್ಚುಗಾರಿಕೆಗೆ.

ಆಲಾಪ ತೆಗೆದೆ. ಪಂಚಮ, ನಿಷಾದ, ಮತ್ತೆ ಪಂಚಮ, ನಮ್ಮ ಹಳೆಯ ಹಾರುದಾರಿಯಲ್ಲೇ ಎರಡು ಸಲ ಹೋಗಿ ಬಂದೆ. ನೋಡುತ್ತಿದ್ದಂತೆ ಬೆರಳುಗಳು ಒಂದೊಂದಾಗಿ ಸಡಿಲವಾದವು. ಫಕೀರಪ್ಪ ಹಾಡಿದ. ಆ ಹೊಸ ಪೇಟಿಯ ಒಳ್ಳೆಯ ಪಟ್ಟಿಯನ್ನು ನಾನು ಮತ್ತೆ ಮುಟ್ಟಲಿಲ್ಲ. ಹಾಡು ಮುಗಿದಾಗ ಒನ್ಸ್ ಮೋರ್ ಎಂದು ಕೂಗಿದರು, ಮತ್ತೆ ಹಾಡಿದ. ಸಂಗಪ್ಪನವರು ಕೂತೇ ಇದ್ದರು.

ಎದ್ದು ಬಂದಾಗ ಗದಗಿನ ಹಿರಿಯ ರಸಿಕರೊಬ್ಬರು ನನ್ನನ್ನು ಹಿಡಿದುಕೊಂಡರು. "ಇದ್ಯಾವ ರಾಗಾರೀ ಮಾಸ್ತರ? ಭೀಮಪಲಾಸ ಇದ್ದಂಗೈತಿ, ಆದ್ರ ಅಲ್ಲ."

"ಶಿರಹಟ್ಟಿ ಭೀಮಪಲಾಸ್ರೀ" ಎಂದೆ, ಕಣ್ಣು ಮಿಟುಕಿಸದೆ. ಅವರು ಗಂಭೀರವಾಗಿ ತಲೆಯಾಡಿಸಿ ಹೋದರು.

ಸಂಗಪ್ಪನವರು ಅಳಿಯನ ಎದುರು ಬಂದು ನಿಂತರು. ಹಾಡಿನ ಬಗ್ಗೆ ಒಂದು ಮಾತಿಲ್ಲ. ಬಗ್ಗಿ ಅವನ ಸೀರೆಯ ಅಂಚು ಹಿಡಿದು ನೋಡಿದರು. ಅದು ಅದೇ ಗಂಗವ್ವನ ಸೀರೆ, ಈ ಆರಡಿ ರಾಣಿಗೆ ಮೊಳಕಾಲಿನಿಂದ ಒಂದಿಷ್ಟು ಕೆಳಗೆ ನಿಂತಿತ್ತು. "ಇದು ಮಗಳ ಅಳತೀದು. ನಿನಗ ಅಗಲ ಸಾಲೂದಿಲ್ಲ, ರಾಣಿ ಕಾಲು ಕಾಣತಾವು" ಎಂದರು. ಆಮೇಲೆ ಬೇರೆ ಕಡೆ ನೋಡುತ್ತ, "ನಡೀ ಮನಿಗೆ. ನಿನ್ನ ಅಳತೀದೊಂದು ಮಗ್ಗಕ್ಕ ಹಾಕ್ತೀನಿ." ಆರಡಿಯ ರಾಣಿ ಬಣ್ಣ ಕರಗುವಂತೆ ಅತ್ತಳು. ನಾನೂ ಅತ್ತೆ, ಪೇಟಿಯ ಮುಸುಕು ಮಡಚುವ ನೆವದಲ್ಲಿ.

ಈಗ ಮಂಡಳಿ ಇಲ್ಲ, ಹಳೆಯ ಪೇಟಿ ನನ್ನ ಮನೆಯಲ್ಲಿದೆ. ಆ ಹಾಡನ್ನು ನಮ್ಮ ಕಡೆಯ ಹೆಂಗಸರು ಮದುವೆಯಲ್ಲಿ ಹಾಡುತ್ತಾರೆ, ಧೈವತವನ್ನು ಅಷ್ಟೇ ಚೊಕ್ಕಟವಾಗಿ ಹಾರಿ. ಉಳಿದ ಪಟ್ಟಿಗಳೆಲ್ಲ ನನ್ನ ಬೆರಳಿಗೆ ಸವೆದು ಹಳದಿಯಾಗಿವೆ, ಆ ಒಂದು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಬಂದವರೆಲ್ಲ ಅದನ್ನೇ ಮೊದಲು ಒತ್ತಿ, ಸದ್ದು ಬರದೆ, ಕೆಟ್ಟಿದೆಯಲ್ಲ, ರಿಪೇರಿ ಮಾಡಿಸಬಾರದೆ ಎನ್ನುತ್ತಾರೆ.

"ಕೆಟ್ಟಿಲ್ಲರೀ," ಎನ್ನುತ್ತೇನೆ. "ಅದು ಫಕೀರಪ್ಪಂದು."