ಬಾನೆಟ್ಟಿನ ಮೇಲಿನ ಹಿತ್ತಾಳೆ ಟಗರು

ನನ್ನ ಷಡ್ಡಕನ ಕಾರು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನಾಗಬೇಕಿದೆ? ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಐಮಂಗಲದಲ್ಲಿ ಹೊಲ, ಹಟ್ಟಿ ತುಂಬ ಕುರಿ, ಹೆಗಲ ಮೇಲೆ ಕಂಬಳಿ, ಬಾಯಿ ತುಂಬ ಎಲೆಅಡಿಕೆ. ನಾನೋ ಚಿತ್ರದುರ್ಗದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ಇಸ್ತ್ರಿಯಿಲ್ಲದ ಅಂಗಿ ತೊಟ್ಟು ಬೀದಿಗೆ ಇಳಿದವನಲ್ಲ. ಆದರೂ ಮಾವನವರ ಕಾರು ಹೋಗಿದ್ದು ಅವನಿಗೆ.

ತುರುವನೂರಿನ ನಮ್ಮ ಮಾವನವರು ಆ ಅಂಬಾಸಿಡರ್ ಕೊಂಡಾಗ ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಹಾಲಿನ ಬಣ್ಣ, ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಅಂಥದ್ದನ್ನು ನಮ್ಮ ಕಡೆ ಹ್ಯಾಂಡ್ ಗೇರ್ ಗಾಡಿ ಎನ್ನುತ್ತಾರೆ. ಚಳವಳಿಯ ದಿನಗಳಲ್ಲಿ ಬರಿಗಾಲಲ್ಲಿ ದುರ್ಗದ ತನಕ ನಡೆದಿದ್ದರಂತೆ ಅವರು. "ಅವಾಗ ನಡೆದಿದ್ದು ಸಾಕು, ಇನ್ಮ್ಯಾಲೆ ಕುಂತ್ಕಂಡು ಹೋಗಾಣ" ಎಂದು ನಗುತ್ತಿದ್ದರು. ಕುರಿ ಸಾಕಿ ಮೇಲೆ ಬಂದ ಮನೆತನ. ಕುರಿಯಿಂದ ಬಂದ ಕಾರಿನ ಮೇಲೆ ಕುರಿಯ ಗುರುತಿರಲಿ ಎಂದು ಗೇಣುದ್ದದ ಒಂದು ಹಿತ್ತಾಳೆ ಟಗರನ್ನು ಎರಕ ಹೊಯ್ಸಿ, ಬಾನೆಟ್ಟಿನ ತುದಿಯಲ್ಲಿ ಎರಡು ತೂತು ಕೊರೆಸಿ ಕೂರಿಸಿದರು. ಎಡಗೊಂಬಿನ ತುದಿ ಎರಕದಲ್ಲೇ ಮುಕ್ಕಾಗಿತ್ತು. ಇನ್ನೊಂದು ಮಾಡಿಸಿ ಎಂದು ನಾನು ಹೇಳಿದರೆ, "ಇರ್ಲಿ ಬಿಡಪ್ಪ, ಗುದ್ದಾಡಿ ಬಂದ ಟಗರು" ಎಂದರು.

ನಾನು ದೊಡ್ಡಳಿಯ. ಹತ್ತು ವರ್ಷ ಭಾನುವಾರ ಬಂದರೆ ಸಾಕು, ತುರುವನೂರಿನ ಬಸ್ಸು ಹತ್ತಿ ಹೋಗಿ ಆ ಕಾರು ಒರೆಸುತ್ತಿದ್ದೆ. ಹಳೇ ಧೋತರದ ತುಂಡು, ಒಂದು ಡಬ್ಬಿ ಪಾಲಿಶ್, ನನ್ನ ಬೆವರು. ಟಗರನ್ನಂತೂ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಷಡ್ಡಕ ಮಾತ್ರ ಬಂದವನೇ ಕೀಲಿ ಕಿತ್ತುಕೊಂಡು ಹೊರಡುತ್ತಿದ್ದ. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವುದು, ಕಾಲು ಮುರಿದ ಕುರಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹಿರಿಯೂರಿನ ಪಶು ಡಾಕ್ಟರ ಹತ್ತಿರ ಓಡುವುದು, ಮಣ್ಣು ಮೆತ್ತಿಸಿಕೊಂಡು ವಾಪಸ್ ತರುವುದು. ಒರೆಸುವವನು ಮತ್ತೆ ನಾನೇ!

ಮಾವನವರಿಗೆ ಕಣ್ಣು ಮಂಜಾದಾಗ ಇಬ್ಬರು ಹೆಣ್ಣುಮಕ್ಕಳನ್ನೂ ನಮ್ಮಿಬ್ಬರನ್ನೂ ಕರೆಸಿದರು. ಕೀಲಿ ನನ್ನ ಕೈಗೇ ಬರುತ್ತದೆಂದು ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವರು ಚಿಕ್ಕಳಿಯನ ಕೈ ಹಿಡಿದು ಕೀಲಿ ಇಟ್ಟರು. ನನ್ನ ಕಡೆ ತಿರುಗಿ, "ಬ್ಯಾಸರ ಮಾಡ್ಕಬ್ಯಾಡಪ್ಪ. ನೀನು ಕಾರು ಒರೆಸ್ತೀಯ, ಅವನು ಓಡಿಸ್ತಾನೆ" ಎಂದರು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಒಳಗೆ ಕೆಂಡ ನುಂಗಿದಂತಾಗಿತ್ತು.

ಅಂದು ಮಧ್ಯಾಹ್ನ ಎಲ್ಲರೂ ಹೋಳಿಗೆ ಊಟಕ್ಕೆ ಕೂತರು. ತಲೆನೋವು ಎಂದು ನೆಪ ಹೇಳಿ ನಾನು ಅಂಗಳಕ್ಕೆ ಬಂದೆ. ಡಿಕ್ಕಿಯಲ್ಲಿದ್ದ ಸ್ಪ್ಯಾನರ್ ತೆಗೆದೆ, ಬಾನೆಟ್ ಎತ್ತಿದೆ, ಟಗರಿನ ಕಾಲಿಗೆ ಒಳಗಿನಿಂದ ಬಿಗಿದಿದ್ದ ಎರಡು ನಟ್ಟು ಬಿಚ್ಚಿದೆ. ನಟ್ಟುಗಳು ಎಂಜಿನ್ನಿನ ಸಂದಿಯಲ್ಲಿ ಎಲ್ಲೋ ಉರುಳಿ ಹೋದವು. ಒಳಗೆ ಯಾರೋ ಕೈ ತೊಳೆಯಲು ಎದ್ದ ಸದ್ದಾಯಿತು. ಟಗರನ್ನು ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿದೆ. ಕಳ್ಳತನ ಎಂದು ಆಗ ಅನ್ನಿಸಲೇ ಇಲ್ಲ. ಹತ್ತು ವರ್ಷ ಉಜ್ಜಿದವನು ನಾನು, ಅದು ನನ್ನದೇ ಎಂದುಕೊಂಡೆ. ಸಂಜೆ ಟಗರು ಕಾಣೆಯಾಗಿದ್ದು ತಿಳಿದು ಮನೆಯೆಲ್ಲ ಹುಡುಕಾಡಿತು. ಅವರ ಜೊತೆ ನಾನೂ ಹುಡುಕಿದೆ. ಎಂಥ ಮುಖ ನನ್ನದು!

ಮಾವನವರು ಅದೇ ವರ್ಷ ತೀರಿಕೊಂಡರು. ಹಠ ಹಿಡಿದು ನಾನು ಹೊಸದುರ್ಗದಿಂದ ಮಾವನವರ ಕಾರಿನ ವರ್ಷದ್ದೇ, ಮಾದರಿಯದ್ದೇ ಆದ ಇನ್ನೊಂದು ಕಾರು ತಂದೆ. ರಿಟೈರಾದ ಮೇಲೆ ಅದೇ ನನ್ನ ಕಸುಬಾಯಿತು. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದೆ. ಗೇರನ್ನು ಕೆಳಕ್ಕೆ ಇಳಿಸಿದೆ. ಟಿಂಕರಿಂಗ್ ಮಾಡಿಸಿ, ಮುಖ ನೋಡಿಕೊಳ್ಳುವ ಹಾಗೆ ಕೆಂಪು ಬಣ್ಣ ಹೊಡೆಸಿದೆ. ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದೆ. ಷಡ್ಡಕನ ಕಾರು ನನ್ನ ಕಾರಿನ ಪಕ್ಕ ನಿಂತರೆ ತಿಪ್ಪೆ ಕೆದಕಿ ಬಂದ ಕೋಳಿಯ ಹಾಗೆ ಕಾಣಬೇಕು, ಅಷ್ಟೇ ನನ್ನ ಆಸೆ.

ಆಯುಧಪೂಜೆಯ ಮಾರನೇ ದಿನ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳೇ ಕಾರಿನ ಹುಚ್ಚರೆಲ್ಲ ಕೋಟೆಯ ಹತ್ತಿರ ಸೇರಿ, ಸಾಲಾಗಿ ಮಾರಿಕಣಿವೆ ಅಣೆಕಟ್ಟೆಯ ತನಕ ಹೋಗಿಬರುವ ಪದ್ಧತಿ ಇಟ್ಟುಕೊಂಡಿದ್ದೇವೆ. ನಿಜವಾದ ಕ್ಲಾಸಿಕ್ ಎಂದು ಎಲ್ಲರೂ ಒಪ್ಪಿದ ಕಾರಿನ ಚಕ್ರಕ್ಕೆ ಮೊದಲ ನಿಂಬೆಹಣ್ಣು. ಆ ಕಾರೇ ಮುಂದೆ, ಉಳಿದವೆಲ್ಲ ಅದರ ಹೊಗೆ ಕುಡಿಯುತ್ತ ಹಿಂದೆ. ಆ ನಿಂಬೆಹಣ್ಣು ನನ್ನ ಚಕ್ರದಡಿ ಸಿಡಿಯಬೇಕು, ಷಡ್ಡಕ ಅದನ್ನು ನೋಡಬೇಕು. ನನಗೆ ಬೇರೇನೂ ಬೇಡವಾಗಿತ್ತು.

ಕ್ಲಾಸಿಕ್ ಎಂದರೆ ಯಾವುದು ಎಂಬ ಜಗಳ ಪ್ರತಿವರ್ಷ ಇದ್ದದ್ದೇ. ಹಿರಿಯೂರಿನ ಹಲ್ಲಿನ ಡಾಕ್ಟರು ಬಾನೆಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡುವವರು. ಕಾರ್ಖಾನೆಯಿಂದ ಬಂದ ಒಂದು ಸ್ಕ್ರೂ ಕೂಡ ಬದಲಾಗಿರಬಾರದು ಎನ್ನುತ್ತಿದ್ದರು. ಹೊಳಲ್ಕೆರೆಯ ಹಿರಿಯರೊಬ್ಬರಿದ್ದರು. ಬಸ್ ಡ್ರೈವರಾಗಿದ್ದವರು, ಎಲ್ಲರಿಗೂ ಅವರ ಮಾತೇ ಕೊನೆ. "ಸ್ಕ್ರೂ ಹೋದ್ರೆ ಹೋಗ್ಲಿ ಡಾಕ್ಟ್ರೇ, ಮನೆಯೋರ ಕೈ ಸವೆದ ಗುರ್ತು ಇರ್ಬೇಕು. ಮುಟ್ಟಿದ್ರೆ ಯಾರ ಮನೇದು ಅಂತ ಹೇಳ್ಬೇಕು ಗಾಡಿ" ಎನ್ನುತ್ತಿದ್ದರು.

ನಾನು ಮೊದಲ ಸಲ ಹೋದ ವರ್ಷ ಡಾಕ್ಟರು ನನ್ನ ಡೀಸೆಲ್ ಎಂಜಿನ್ ನೋಡಿದ್ದೇ ಟಾರ್ಚ್ ಆರಿಸಿದರು. ಹಿರಿಯರು ಕಾರನ್ನು ಒಂದು ಸುತ್ತು ಹಾಕಿ, "ಮೇಷ್ಟ್ರೇ, ಮದುವೆ ಹೆಣ್ಣಿನಂಗೆ ಐತೆ. ಆದ್ರೆ ಯಾರ ಮನೆ ಹೆಣ್ಣು ಅಂತ ಗೊತ್ತಾಗವಲ್ದು" ಎಂದರು. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ನಿಂಬೆಹಣ್ಣು ಯಾರಿಗೆ ಹೋಯಿತೆಂದು ಬೇರೆ ಹೇಳಬೇಕೆ? ಬಣ್ಣ ಎದ್ದ, ಸೀಟಿನ ಮೇಲೆ ಕಂಬಳಿ ಹಾಸಿದ, ಕುರಿಯ ವಾಸನೆ ಹೊಡೆಯುವ ಆ ಕಾರಿಗೆ! ಮಾರಿಕಣಿವೆಯ ತನಕ ಅವನ ನಂಬರ್ ಪ್ಲೇಟನ್ನೇ ನೋಡುತ್ತ ಹೋದೆ.

ಮನೆಗೆ ಬಂದು ಒಂದು ವರ್ಷ ಕುದಿದೆ. ನನ್ನ ಕಾರಿಗೆ ಮನೆತನದ ಗುರುತು ಬೇಕು, ತಾನೇ? ನನ್ನಲ್ಲೂ ಒಂದಿತ್ತಲ್ಲ! ಟವೆಲ್ ಬಿಚ್ಚಿ ಟಗರನ್ನು ತೆಗೆದೆ. ಷಡ್ಡಕನಿಗೆ ಗುರುತು ಸಿಗದಿರಲೆಂದು ಬೆಳ್ಳಿಯ ಹಾಗೆ ಹೊಳೆಯುವ ನಿಕ್ಕಲ್ ಲೇಪ ಕೊಡಿಸಿ, ನನ್ನ ಬಾನೆಟ್ಟಿಗೆ ತೂತು ಕೊರೆಸಿ, ಹೊಸ ನಟ್ಟು ಹಾಕಿ ಕೂರಿಸಿದೆ. "ಇದ್ಯಾಕ್ರೀ ಎಲ್ಲೋ ನೋಡಿದಂಗೈತೆ" ಎಂದಳು ಹೆಂಡತಿ. ಅಂಗಡಿಯಲ್ಲಿ ಸಿಗುತ್ತೆ ಸುಮ್ಮನಿರು ಎಂದು ಅವಳ ಬಾಯಿ ಮುಚ್ಚಿಸಿದೆ. ಮುಕ್ಕು ಕೊಂಬು ಮಾತ್ರ ಹಾಗೇ ಉಳಿದಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಟ್ಟೆಕಿಚ್ಚಿನಲ್ಲಿ ಬುದ್ಧಿ ಎಲ್ಲಿರುತ್ತದೆ?

ಆ ವರ್ಷ ಹಿರಿಯರು ಟಗರನ್ನು ನೋಡಿ ಹುಬ್ಬೇರಿಸಿದರು. "ಇದು ಎಲ್ಲೀದು ಮೇಷ್ಟ್ರೇ?"

"ನಮ್ಮ ಮಾವನವರದು" ಎಂದುಬಿಟ್ಟೆ. ನಿಜವೇ ಹೇಳಿದ್ದೆ, ನೋಡಿ.

"ಹಂಗನ್ರಿ ಮತ್ತೆ!" ಎಂದು ಅವರು ಕೈಯಲ್ಲಿದ್ದ ನಿಂಬೆಹಣ್ಣನ್ನು ನನ್ನ ಮುಂಚಕ್ರದ ಹತ್ತಿರ ತಂದರು. ಅಷ್ಟರಲ್ಲಿ ಷಡ್ಡಕ ಜನರನ್ನು ಸರಿಸಿ ಬಂದ. ಟಗರಿನ ಬೆನ್ನು ಸವರಿದ. ಅವನ ಹೆಬ್ಬೆರಳು ಎಡಗೊಂಬಿನ ಮುಕ್ಕಿನ ಮೇಲೆ ನಿಂತಿತು. ಈಗ ಕೂಗುತ್ತಾನೆ, ಕಳ್ಳ ಎನ್ನುತ್ತಾನೆ, ನಾಲ್ಕು ಊರಿನವರ ಮುಂದೆ ನನ್ನ ಮಾನ ಹರಾಜಾಗುತ್ತದೆ ಎಂದು ಕಾಯುತ್ತ ನಿಂತೆ.

"ಚೆನ್ನಾಗೈತೆ ಅಣ್ಣಾ" ಎಂದಷ್ಟೇ ಹೇಳಿ ತನ್ನ ಕಾರಿನ ಕಡೆ ನಡೆದ.

ನಾನು ಅವನ ಹಿಂದೆಯೇ ಹೋದೆ. ಅವನ ಬಾನೆಟ್ಟಿನ ತುದಿಯ ಎರಡು ತೂತುಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಮೈಯೆಲ್ಲ ತುಕ್ಕು ಹಿಡಿದಿದ್ದ ಆ ಕಾರಿನಲ್ಲಿ ಅವೆರಡರ ಅಂಚು ಮಾತ್ರ ಎಣ್ಣೆ ಸವರಿ ಹೊಳೆಯುತ್ತಿತ್ತು. ಸುತ್ತ ಹಿಂದಿನ ದಿನದ ಪೂಜೆಯ ಕುಂಕುಮವಿತ್ತು.

"ಇವನ್ಯಾಕೆ ಮುಚ್ಚಿಸಿಲ್ಲ?" ಎಂದೆ.

"ಬಂದಾಗ ಕುಂತ್ಕಳಾಕೆ ಜಾಗ ಬ್ಯಾಡ್ವೇನಣ್ಣಾ?" ಎಂದ. "ಮಾವ ಹೋಗಾಕೆ ಮುಂಚೆ ನಂಗೆ ಹೇಳಿದ್ರು. ಟಗರು ದೊಡ್ಡೋನ ಹತ್ರ ಐತೆ, ನೀನು ಕೇಳಬ್ಯಾಡ, ಅವನ ಕೈಯಾಗೂ ನಂದೊಂದು ಇರ್ಲಿ ಅಂತ."

ಹಾಗಾದರೆ ನಾನು ಕದ್ದದ್ದನ್ನೂ ಅವರು ನನಗೆ ಕೊಟ್ಟುಬಿಟ್ಟಿದ್ದರು. ಇಷ್ಟು ವರ್ಷ ಇವನೂ ಅದನ್ನು ತಿಳಿದೇ ನನ್ನ ಮನೆಯಲ್ಲಿ ಉಂಡು, ಅಣ್ಣಾ ಅಣ್ಣಾ ಎಂದು ನಕ್ಕು ಹೋಗಿದ್ದ. ಅವನ ಕಾರಿನ ಮೇಲೆ ಉರಿದಿದ್ದಕ್ಕಿಂತ ಆ ಗಳಿಗೆ ಅವನ ಮೇಲೆಯೇ ಹೆಚ್ಚು ಉರಿಯಿತು. ಅಂಥ ಮನಸ್ಸು ನನಗ್ಯಾಕೆ ಬರಲಿಲ್ಲ? ಅದೂ ಅವನಿಗೇ ಹೋಗಬೇಕಿತ್ತೇ?

ವಾಪಸ್ ಬಂದೆ. ಹಿರಿಯರು ನಿಂಬೆಹಣ್ಣು ಇಟ್ಟಾಗಿತ್ತು. "ಹತ್ರಿ ಮೇಷ್ಟ್ರೇ, ನೀವೇ ಮುಂದೆ" ಎಂದರು. ನಾನು ಹತ್ತಲಿಲ್ಲ. ಡಿಕ್ಕಿ ತೆಗೆದು ಸ್ಪ್ಯಾನರ್ ಹಿಡಿದೆ, ಎಲ್ಲರೂ ನೋಡುತ್ತಿದ್ದಂತೆಯೇ ಟಗರನ್ನು ಬಿಚ್ಚಿದೆ. ಏನಾಯ್ತ್ರೀ ಎಂದು ಡಾಕ್ಟರು ಕೇಳಿದರು.

"ಇದು ನಂದಲ್ಲ, ಆ ಗಾಡೀದು. ನಾನೇ ಕದ್ದಿದ್ದು" ಎಂದೆ.

ಯಾರೂ ನಗಲಿಲ್ಲ. ಟಗರನ್ನು ಒಯ್ದು ಆ ಎರಡು ತೂತುಗಳಲ್ಲಿ ಇಳಿಸಿದೆ. ಅಳತೆ ತೆಗೆದಂತೆ ಕೂತಿತು. ಹೊಸ ನಟ್ಟು ನನ್ನ ಕೈಯಲ್ಲೇ ಇದ್ದವು. ಷಡ್ಡಕ "ತಡೀರಿ" ಎಂದು ಡ್ಯಾಶ್‌ಬೋರ್ಡಿನ ಖಾನೆಯಿಂದ ಎಲೆಅಡಿಕೆಯ ಹಳೇ ಸಂಚಿಯೊಂದನ್ನು ತೆಗೆದ. ಅದರಿಂದ ಎರಡು ಹಳೇ ನಟ್ಟು ನನ್ನ ಅಂಗೈಗೆ ಬಿದ್ದವು. ಅಂದು ಎಂಜಿನ್ ಸಂದಿಯಲ್ಲಿ ಉರುಳಿ ಹೋಗಿದ್ದವೇ ಅವು. ಎಣ್ಣೆ ಹಚ್ಚಿ ಇಟ್ಟಿದ್ದ. ಬಾನೆಟ್ಟಿನ ಕೆಳಗೆ ಕೈ ಹಾಕಿ ತಿರುಗಿಸಿದೆ. ಸ್ಪ್ಯಾನರ್ ಬೇಕಾಗಲಿಲ್ಲ, ಬೆರಳಲ್ಲೇ ಕೊನೆಯ ತನಕ ತಿರುಗಿದವು.