ಎದುರಿಗೆ ಕೂರುವವಳು

ನಮ್ಮ ಓಣಿಯಲ್ಲಿ ಬೀಮು ಕೂಡಿಸಲು ಯಾರನ್ನೂ ಕರೆಯುವ ಪದ್ಧತಿ ಇರಲಿಲ್ಲ. ಕರೆದರೆ ಅದು ಕೂಲಿಗೆ ಕರೆದಂತೆ. ಮಗ್ಗದ ಮೇಲಿನ ಹಾಸುನೂಲು ಮುಗಿಯುತ್ತದೆ, ಮಗ್ಗ ನಿಲ್ಲುತ್ತದೆ, ಗಂಡಸರು ಹೊಸ ನೂಲು ಸುತ್ತಿದ ಬೀಮನ್ನು ತಂದು ಧಡ್ಡನೆ ಇಳಿಸುತ್ತಾರೆ. ಆ ಸಪ್ಪಳ ಗೋಡೆಯಾಚೆ ಕೇಳಿದರೆ ಸಾಕು, ಪಕ್ಕದ ಮನೆಯ ಹೆಂಗಸು ಬಡಿಯುತ್ತಿದ್ದ ರೊಟ್ಟಿ ಮುಗಿಸಿ, ಕೈ ತೊಳೆದು ಬಂದೇಬಿಡಬೇಕು. ಬನಹಟ್ಟಿಗೆ ಸೊಸೆಯಾಗಿ ಬಂದಾಗ ಅತ್ತೆ ನನಗೆ ಮೊದಲು ಕಲಿಸಿದ್ದು ಇದನ್ನೇ. ಅಡಿಗೆ ಆಮೇಲೆ.

ಕೆಲಸ ಇಷ್ಟೇ. ಮುಗಿದ ಹಾಸಿನ ಒಂದೊಂದು ಎಳೆಗೂ ಹೊಸ ಬೀಮಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಒಬ್ಬಳು ಎಳೆ ಬಿಡಿಸಿ ಕೊಡುತ್ತಾಳೆ. ಎದುರಿಗೆ ಕೂತವಳು ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು ಹೊಸೆಯುತ್ತಾಳೆ. ಸೀರೆಯ ಅಗಲಕ್ಕೆ ಎಳೆ ಎಷ್ಟು ಎಂದು ಕೇಳಬೇಡಿ, ಮುಂಜಾನೆ ಕೂತರೆ ಹೊತ್ತು ಇಳಿಯುತ್ತದೆ. ಉಳಿದ ದಿನಗಳಲ್ಲಿ ಮಗ್ಗದ ಖಟಖಟದಲ್ಲಿ ನಾವು ತುಟಿ ನೋಡಿ ಮಾತು ತಿಳಿಯುವವರು. ‘ಉಂಡ್ಯಾ’, ‘ಕರೆಂಟ್ ಹೋತು’, ‘ಹಾಲಿನವ ಬಂದಾನ’ ಇಷ್ಟಕ್ಕೆ ತುಟಿ ಸಾಕು. ಅದಕ್ಕಿಂತ ದೊಡ್ಡ ಮಾತೆಲ್ಲ ಬೀಮಿನ ದಿನಕ್ಕೆಂದು ಕೂಡಿಟ್ಟುಕೊಳ್ಳುತ್ತಿದ್ದೆವು.

ನನ್ನ ಎದುರಿಗೆ ಕೂರುವವಳು ಪಕ್ಕದ ಮನೆಯವಳು. ತೇರದಾಳದ ಹೆಣ್ಣು, ನನಗಿಂತ ಸ್ವಲ್ಪ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು.

“ನಿನ್ನ ಗಂಡ ಯಾಕ ಮಾರಿ ಊದಿಸಿಕೊಂಡು ಹೋದಾ ಯಕ್ಕಾ?”

“ಪಲ್ಯಾಕ ಉಪ್ಪ ಜಾಸ್ತಿ ಆಗಿತ್ತು.”

“ಉಪ್ಪಿಗೇನ? ನಾ ನಿನ್ನ ಬಾಯಿಗೆ ಅಂತ ತಿಳಿದಿದ್ದೆ.”

ಗರ್ಭಚೀಲ ತೆಗೆಸಬೇಕು ಎಂದು ಜಮಖಂಡಿಯ ಡಾಕ್ಟರು ಹೇಳಿದ್ದನ್ನು ನಾನು ಗಂಡನಿಗಿಂತ ಮೊದಲು ಹೇಳಿದ್ದು ಅವಳಿಗೆ, ಅದೂ ತಲೆ ಎತ್ತದೆ. ಎಳೆಯ ಮೇಲೆ ಕಣ್ಣಿದ್ದರೆ ಎಂಥ ಮಾತೂ ಹೊರಗೆ ಬರುತ್ತದೆ. ಮಾರಿ ನೋಡುತ್ತ ಹೇಳಲಾಗುವುದಿಲ್ಲ. ಅವಳು ಆಗ “ಹೂಂ” ಅಂದು ಮುಂದಿನ ಎಳೆ ಕೊಟ್ಟಿದ್ದಳು. ಆಸ್ಪತ್ರೆಗೆ ನನ್ನ ಜೊತೆ ಬಂದವಳೂ ಅವಳೇ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಅವಳ ಮನೆಯಲ್ಲಿ ಬೀಮು ಇಳಿದ ಸಪ್ಪಳ ಕೇಳಿತು. ಹೋದೆ. ಅವಳು ಮಗ್ಗದ ಹತ್ತಿರ ಇರಲೇ ಇಲ್ಲ. ಕಟ್ಟೆಯ ಮೇಲೆ ಕೂತು ಫೋನು ನೋಡುತ್ತಿದ್ದಳು. ಒಳಗೆ ನಡುವಯಸ್ಸಿನ ಗಂಡಸೊಬ್ಬ ಗಂಟು ಹಾಕುವ ಮಷೀನು ಹೂಡಿಕೊಂಡು, ಎರಡೂ ಕಿವಿಗೆ ವೈರು ಸಿಕ್ಕಿಸಿಕೊಂಡು ನಿಂತಿದ್ದ. ಮಷೀನು ಕಿರಗುಟ್ಟುತ್ತ ಎಳೆಗಳನ್ನು ನುಂಗುತ್ತಿತ್ತು.

“ಇದೇನ ಲೇ?”

“ಮಷೀನಾ. ಒಂದ ತಾಸಿನ್ಯಾಗ ಮುಗಸ್ತಾನ. ನೀ ಯಾಕ ಬಂದಿ?”

ನೀ ಯಾಕ ಬಂದಿ! ಬೂದಿ ಹಚ್ಚಲೆಂದು ಬಳೆ ಹಿಂದೆ ಸರಿಸಿಕೊಂಡು ಹೋಗಿದ್ದ ನನ್ನ ಕೈ ಹಾಗೇ ಉಳಿಯಿತು.

“ಹೇಳಬೇಕಿತ್ತಲ್ಲಾ,” ಅಂದೆ.

“ಬರಬ್ಯಾಡ ಅಂತ ಹೇಳಿ ಕಳಸೂದ ಯಾರರ ಮಾಡ್ತಾರೇನ ಯಕ್ಕಾ? ನಿನ್ನ ಸೊಂಟಾ ಉಳೀತು ಅಂತ ಖುಷಿ ಪಡು.”

ಸೊಂಟ ನೋವು ಎಂದು ನಾನು ಅವಳ ಮುಂದೆ ಎಂದೂ ಅಂದಿರಲಿಲ್ಲ.

ಮುಂದೆ ನನ್ನ ಬೀಮಿನ ಸರದಿ ಬಂತು. ಈ ಸಲ ನನಗೆ ಅವಳು ಬೇಕೇ ಬೇಕಿತ್ತು. ನನ್ನ ಎಡಗಿವಿ ಕೇಳುವುದು ಕಡಿಮೆಯಾಗುತ್ತ ಬಂದಿತ್ತು; ಬಲಗಿವಿಯೂ ಅದರ ಬೆನ್ನು ಹತ್ತಿದೆ ಎಂದು ಗೊತ್ತಾಗುತ್ತಿತ್ತು. ಕುಕ್ಕರಿನ ಸೀಟಿ ತಪ್ಪುತ್ತದೆ, ಬಾಗಿಲು ಬಡಿದದ್ದು ತಪ್ಪುತ್ತದೆ. ಗಂಡನಿಗೆ ಹೇಳಿರಲಿಲ್ಲ. ಮೊದಲು ಅವಳಿಗೆ ಹೇಳಬೇಕು, ಎಳೆ ನೋಡುತ್ತ ಹೇಳಬೇಕು, ಅವಳ “ಹೂಂ” ನನ್ನ ಕಿವಿಗೆ ಬೀಳುತ್ತಿರುವಾಗಲೇ ಹೇಳಬೇಕು ಎಂದಿತ್ತು.

ಗಂಡನಿಗೆ ಹೇಳಿ ಬೀಮನ್ನು ಬೇಕಂತಲೇ ಜೋರಾಗಿ ಇಳಿಸಿದೆ. ಕರಟದಲ್ಲಿ ಬೂದಿ ಇಟ್ಟೆ. ಎದುರಿಗೆ ಗೋಣಿತಟ್ಟು ಹಾಸಿದೆ. ರೊಟ್ಟಿ ಬಡಿಯುವ ಹೊತ್ತು ಕಳೆಯಿತು, ನೀರು ತುಂಬುವ ಹೊತ್ತು ಕಳೆಯಿತು.

“ಕರಕೊಂಡ ಬಾ ಹೋಗು,” ಅಂದರು ನಮ್ಮ ಮನೆಯವರು.

“ಕರೀಬೇಕೇನು? ಆಕಿ ಕೂಲಿ ಆಳೇನು?”

“ಹಂಗಾರ ಮಷೀನಿನವಗ ಫೋನ್ ಹಚ್ಚತೇನಿ.”

“ಹಚ್ಚರಿ ನೋಡೂಣು.”

ಒಬ್ಬಳೇ ಕೂತೆ. ಎಳೆ ಬಿಡಿಸಿಕೊಂಡು, ನಾನೇ ಹೊಸೆದು, ಮತ್ತೆ ಬಿಡಿಸಿ. ಸಂಜೆಯಾದರೂ ಸೀರೆಯ ಅರ್ಧ ಅಗಲವೂ ಮುಗಿದಿರಲಿಲ್ಲ. ನಡುವೆ ಫೋನು ಗುಂಯ್ ಎಂದಿತು. ನಮ್ಮ ಓಣಿಗೊಂದು ಗ್ರೂಪಿದೆ; ದಿನಾ ಮುಂಜಾನೆ, ಸಂಜೆ ಎಲ್ಲರೂ ಅದರಲ್ಲಿ ಹೂವಿನ ಚಿತ್ರ ಹಾಕುತ್ತಾರೆ. ಶುಭೋದಯ, ಶುಭ ಸಂಜೆ, ನಗುನಗುತಾ ಇರಿ. ನಳದ ಹತ್ತಿರ ಕೊಡ ಮುಟ್ಟಿದರೂ ಮಾರಿ ಎತ್ತದವರೇ ಅಲ್ಲಿ ಕೈ ಮುಗಿದು ನಿಲ್ಲುತ್ತಾರೆ. ಆ ಸಂಜೆಯ ಹೂವು ಅವಳದೇ. ಗೋಡೆಯಾಚೆಯಿಂದ ಅವಳ ಕೆಮ್ಮು ಬಲಗಿವಿಗೆ ಅಷ್ಟಿಷ್ಟು ಬೀಳುತ್ತಿತ್ತು, ಫೋನಿನಲ್ಲಿ ಅವಳ ದಾಸವಾಳ ಬಂತು. ಮೈ ಉರಿಯಿತು. ಈ ಓಣಿಗೆ ಓಣಿಯೇ ಒಂದು ದಿನ ಮೂಕಾಗಿ ಹೋಗಲಿ, ಹೂವಿನ ಚಿತ್ರ ಕಳಿಸಿಕೊಂಡೇ ಉಣ್ಣಲಿ, ಉಡಲಿ, ಸಾಯಲಿ ಎಂದು ಮನಸ್ಸಿನಲ್ಲೇ ಬೈದೆ. ಹಾಗೆ ಬೈದದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.

ಮರುದಿನ ಮನೆಯವರು ಫೋನು ಹಚ್ಚಿ ಕರೆಸಿದ ಮಷೀನಿನವನು ಬಂದ. ಗೋಣಿತಟ್ಟನ್ನು ಕಾಲಿನಿಂದ ಸರಿಸಿ ಮಷೀನು ಹೂಡಿದ. “ಚಾ ಕುಡೀತೀರೇನ್ರೀ?” ಅಂದೆ. ವೈರು ತೆಗೆಯದೆ ಹೆಬ್ಬೆಟ್ಟು ಎತ್ತಿ ತೋರಿಸಿದ. ಬೇಕು ಅಂತಲೋ, ಸಾಕು ಅಂತಲೋ. ಚಹ ಮಾಡಿಟ್ಟೆ, ಅದು ಆರಿತು. ಕೆಲಸವನ್ನು ಮಾತ್ರ ಒಂದೇ ತಾಸಿನಲ್ಲಿ ಮುಗಿಸಿದ. ಒಂದು ಎಳೆಯೂ ತಪ್ಪಿರಲಿಲ್ಲ. ಬೈಯಲು ಅದೂ ಸಿಗಲಿಲ್ಲ.

ಒಂದು ವಾರ ಮಗ್ಗ ನಡೆಸಿದೆ. ಒಂದು ಮಧ್ಯಾಹ್ನ ಕರೆಂಟಿದ್ದಾಗಲೇ, ಅಡ್ಡ ಹೊಕ್ಕಿನ ಎಳೆ ಹರಿಯದೆ, ಕಂಡಿಕೆಯ ನೂಲು ಮುಗಿಯದೆ ಮಗ್ಗವನ್ನು ನಿಲ್ಲಿಸಿಬಿಟ್ಟೆ. ನಮ್ಮಲ್ಲಿ ಹಾಡಹಗಲು ಮಗ್ಗ ನಿಂತರೆ ಪಕ್ಕದವರ ಕಿವಿಗೆ ಅದು ಕೂಗಿದಂತೆ. ಕೇಳಲಿ ಎಂದೇ ನಿಲ್ಲಿಸಿದೆ.

ಅವಳೂ ತನ್ನ ಮಗ್ಗ ನಿಲ್ಲಿಸಿರಬೇಕು. ಹಿತ್ತಿಲ ಗೋಡೆಯ ಮೇಲೆ ತಲೆ ಕಾಣಿಸಿತು.

“ಯಾಕ ನಿಂತೈತಿ ಯಕ್ಕಾ? ಮೋಟಾರ ಸುಟ್ಟತೇನು?”

ಅಷ್ಟು ದಿನದ ಮೇಲೆ ಕೇಳಿದ ದನಿ. ಗೋಡೆಯ ಹತ್ತಿರ ಹೋದೆ. ಎದುರಿಗೆ ಎಳೆಯಿಲ್ಲ, ಬೂದಿಯಿಲ್ಲ, ಅವಳ ಮಾರಿಯನ್ನೇ ನೋಡಿಕೊಂಡು ಹೇಳಬೇಕು.

“ನನಗ ಕಿವಿ ಕೇಳವಲ್ದು,” ಅಂದೆ.

“ಆಂ?”

“ಕಿವಿ ಬೇ! ಎಡಗಡೆದು ಹೋಗೇತಿ. ಬಲಗಡೆದೂ ಹೊಂಟೈತಿ.”

ಅವಳು ನಕ್ಕಳು. “ನಾ ಮಾತಾಡಿದ್ದು ಎಲ್ಲಾ ಕೇಳಾಕತ್ತೈತಲ್ಲಾ! ನಿನಗ ಬೇಕಾದಾಗ ಕೇಳತೈತಿ, ಬ್ಯಾಡಾದಾಗ ಇಲ್ಲ. ಅಲ್ಲಾ, ಮಷೀನಿನವನ್ನ ಕರಿಸಿದಿ, ನನಗ ಒಂದ ಮಾತ ಬಾ ಅನ್ನಲಿಲ್ಲ. ಈಗ ಕಿವಿ ಹೋತಂತ ಒದರತಿ.”

“ಬಾ ಅನ್ನಬೇಕಿತ್ತೇನು? ನಾನೇನ ನಿನ್ನ ಕೂಲಿಗೆ ಇಟಗೊಂಡೇನೇನು?”

“ಮತ್ತ ಅವಗ ಬಾ ಅಂದ್ಯಲ್ಲಾ!”

ಅವಳ ತಲೆ ಕೆಳಗಿಳಿಯಿತು. ಕರೆಯಲಿಲ್ಲ ಎಂದು ಅವಳೂ ಅಷ್ಟು ದಿನ ಆಚೆ ಕುದಿಯುತ್ತ ಕೂತಿದ್ದಳು ಎಂದು ಆಗ ತಿಳಿಯಿತು. ತಿಳಿದರೂ ಸಿಟ್ಟೇನೂ ಇಳಿಯಲಿಲ್ಲ. ಪದ್ಧತಿಯನ್ನು ಮುರಿದವಳು ಅವಳು, ಈಗ ಪದ್ಧತಿಯಂತೆ ಕರೆಯದೆ ಕೂತ ನಾನೇ ತಪ್ಪಿತಸ್ಥೆ.

ಒಳಗೆ ಬಂದು ನಿಂತ ಮಗ್ಗದ ಪಕ್ಕ ಕೂತೆ. ಗೋಣಿತಟ್ಟು ಅಲ್ಲೇ ಇತ್ತು, ಅದನ್ನು ಎತ್ತಿಡಲಿಲ್ಲ. ಬಾಗಿಲು ತೆರೆದೇ ಇತ್ತು. ಅವಳು ಬರುತ್ತಾಳೇನೋ ಎಂದು ಎಡಗಿವಿಯನ್ನು ಬಿಟ್ಟು ಬಲಗಿವಿಯನ್ನು ಆ ಕಡೆ ತಿರುಗಿಸಿದೆ. ಏನೂ ಕೇಳಲಿಲ್ಲ. ಅವಳ ಮಗ್ಗ ಇನ್ನೂ ನಿಂತೇ ಇದೆಯೋ, ನಡೆಯುತ್ತಿದ್ದೂ ನನಗೆ ಕೇಳುತ್ತಿಲ್ಲವೋ ಗೊತ್ತಾಗಲಿಲ್ಲ. ಎದ್ದು ಹೋಗಿ ನಡುಗೋಡೆಗೆ ಅಂಗೈ ಹಚ್ಚಿ ನೋಡಿದೆ.

ಗೋಡೆ ನಡುಗುತ್ತಿತ್ತು.