ಅಜ್ಜಿ ಕೊಂಡ ಸೈರನ್

ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಕಡಲಾಚೆಯ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ, ಮನೆ ಮಾರುವ ನಮ್ಮ ಆಫೀಸಿನ ಹೊರಗೆ, ಸುಂಟರಗಾಳಿಯ ಸೈರನ್ ಕೂಗುತ್ತದೆ. ಬರೀ ಪರೀಕ್ಷೆಗೆ. ಯಾರೂ ತಲೆ ಎತ್ತುವುದಿಲ್ಲ. ನಾನು ಮಾತ್ರ ಎದ್ದು ನಿಂತಿರುತ್ತೇನೆ. “ಟೆಸ್ಟ್ ಅಷ್ಟೇ ಆಂಟಿ, ಕೂತ್ಕೊಳ್ಳಿ,” ಎಂದು ಪಕ್ಕದ ಮೇಜಿನ ಶರತ್ ನಗುತ್ತಾನೆ. ಅವನಿಗೇನು ಗೊತ್ತು, ನನ್ನ ಮೂಗಿಗಾಗಲೇ ಬಸಿದ ಗಂಜಿಯ, ಹಸಿಮರದ ಹೊಟ್ಟಿನ ವಾಸನೆ ಬಂದಿರುತ್ತದೆ.

ನಮ್ಮದು ಬೆಟ್ಟದ ಮೇಲಿನ ಸಣ್ಣ ಊರು. ಮೊದಲು ರೈಲುಹಳಿಯ ಕೆಳಗೆ ಹಾಸುವ ದಿಮ್ಮಿ ಕೊಯ್ಯುವವರು ಬಂದರಂತೆ, ಆಮೇಲೆ ಬೆಂಕಿಕಡ್ಡಿಯವರು. ನಾನು ಹುಟ್ಟುವ ಹೊತ್ತಿಗೆ ಚಹಾ ಪೆಟ್ಟಿಗೆಗೆ ಪ್ಲೈವುಡ್ ಮಾಡುವ ಮಿಲ್ಲು. ಅದರ ಗೇಟಿನೆದುರೇ ನಮ್ಮಜ್ಜಿಯ ಊಟದ ಮನೆ. ಮಿಲ್ಲಿನ ಸೈರನ್ ಕೂಗಿದರೆ ಊರು ಉಣ್ಣುತ್ತಿತ್ತು, ಮತ್ತೆ ಕೂಗಿದರೆ ದೀಪ ಹಚ್ಚುತ್ತಿತ್ತು. ಕಾಡು ಕಡಿಯುವುದು ನಿಂತಾಗ ಮಿಲ್ಲೂ ನಿಂತಿತು, ಅಜ್ಜಿಯ ಎಲೆಗಳೂ ಖಾಲಿಯಾದವು. ಸಾಮಾನು ಒಯ್ಯಲು ಗುಜರಿಯವನು ಲಾರಿ ತಂದ. ಕರೆಂಟು ಹೋದಾಗ ಮಿಲ್ಲಿನವರು ಕೈಯಲ್ಲಿ ತಿರುಗಿಸುತ್ತಿದ್ದ ಸೈರನ್ ಮೇಲೆ ಅಜ್ಜಿಯ ಕಣ್ಣು. ಅದು ಕೂಗಿದರೆ ಊಟಕ್ಕೆ ಜನ ಬಂದೇ ಬರುತ್ತಾರೆಂದು ಆಕೆಯ ನಂಬಿಕೆ.

“ಹಿತ್ತಾಳೆ ಇದು ಅಜ್ಜಿ, ಪುಕ್ಸಟ್ಟೆ ಬರಲ್ಲ,” ಎಂದ ಗುಜರಿಯವನು.

“ಹಿತ್ತಾಳೆಯಂತೆ! ಗೀರಿ ನೋಡು, ಬರೀ ಕಬ್ಬಿಣ. ಈ ಬೆಟ್ಟದ ಮೇಲೆ ನಿನ್ನ ಆಳುಗಳಿಗೆ ಅನ್ನ ಹಾಕೋರು ಇನ್ಯಾರಿದಾರಪ್ಪ?”

ಅವನು ನಕ್ಕು, ಆಳುಗಳ ಊಟಕ್ಕೆ ಬದಲಾಗಿ ಅದನ್ನು ಬಿಚ್ಚಿಕೊಟ್ಟ. ಚೌಕಾಶಿಯಲ್ಲಿ ದುಡ್ಡಿನ ಮಾತು ಕೊನೆಗಿರಲಿ, ಎದುರಿನವರ ಹಸಿವೇನೆಂದು ಮೊದಲು ತಿಳಿಯಿರಿ. ಇಲ್ಲಿ ಗಿರಾಕಿಗಳಿಗೆ ಮನೆ ಕೊಡಿಸುವಾಗ ಇವತ್ತಿಗೂ ನಾನು ಮಾಡುವುದು ಅದನ್ನೇ.

ಮರುದಿನ ಮಧ್ಯಾಹ್ನ ಅಜ್ಜಿ ಹಿಡಿ ತಿರುಗಿಸಿದರು. ಕೂಗು ಕಣಿವೆಗೆ ಇಳಿದು ಮರಳಿ ಬಂತು. ಜನವೂ ಬಂದರು, ಊಟಕ್ಕಲ್ಲ. ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮಿಲ್ಲಿನ ಗೇಟಿಗೆ ಓಡಿ ಬಂದರು. ಎಲ್ಲರಿಗಿಂತ ಮುಂದೆ ನೆರೆಮನೆಯ ನಂಜಪ್ಪ.

“ತೆಗೆದ್ರಾ ಅಜ್ಜಿ? ಮಿಲ್ಲು ಮತ್ತೆ ತೆಗೆದ್ರಾ?”

ಅಜ್ಜಿಯ ಕೈ ಹಿಡಿಯ ಮೇಲೇ ಇತ್ತು. “ಇಲ್ಲ ಕಣಪ್ಪ,” ಎಂದರು. ಆಮೇಲೆ ಹಿಡಿ ಬಿಟ್ಟು, “ಅನ್ನ ಬಿಸಿಯಾಗಿದೆ, ಎಲ್ಲ ಒಳಗೆ ಬನ್ನಿ,” ಎಂದರು. ಅಂದು ಊಟದ ಮನೆ ತುಂಬಿತ್ತು. ಉಂಡವರೆಲ್ಲ ಬೀಗ ಹಾಕಿದ ಗೇಟನ್ನೊಮ್ಮೆ ನೋಡಿ ಮನೆಗೆ ಹೋದರು. ಸಂಜೆ ಅಜ್ಜಿ ಸೈರನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರು. ಆಮೇಲೆ ಒಂದೊಂದೇ ಮನೆ ಬೆಟ್ಟ ಇಳಿಯಿತು, ಕೊನೆಗೆ ನಮ್ಮದೂ.

ಅಗ್ಗಕ್ಕೆ ಸಿಕ್ಕಿತೆಂದು ಎಲ್ಲವನ್ನೂ ಮನೆಗೆ ತರಬೇಡಿ ಎಂದು ಗಿರಾಕಿಗಳಿಗೆ ಹೇಳುತ್ತಿರುತ್ತೇನೆ. ಯಾಕೆಂದು ಯಾರೂ ಕೇಳುವುದಿಲ್ಲ. ಬುಧವಾರದ ಸೈರನ್ ಸದ್ದು ಪೂರ್ತಿ ಇಳಿಯುವವರೆಗೂ ಕಿಟಕಿಯಾಚೆ ನೋಡುತ್ತೇನೆ. ಪಾರ್ಕಿಂಗ್ ಲಾಟ್‌ನಲ್ಲಿ ಬಿಸಿಲು ಬಿದ್ದಿರುತ್ತದೆ. ಯಾರೂ ಓಡಿ ಬರುವುದಿಲ್ಲ.